ಊರು ಕೆಡವದೇ ಊರು ರಿಪೇರಿ ಮಾಡಿ ತೋರಿಸಿದ ಗೆಡ್ಡಿಸ್: ಬಳ್ಳಾರಿಗೂ ಬಂದಿದ್ದರು ಈ ಗಡ್ಡದ ಮೇಷ್ಟ್ರು

ಬಳ್ಳಾರಿ: ರಸ್ತೆ ಅಗಲೀಕರಣ ಅಂದ್ರೆ ಸಾಕು, ಯಾವ ತಾಲೂಕಿನ ಪೇಟೆಯಲ್ಲೇ ಆಗಲಿ ಅಂಗಡಿಯವರ ಎದೆ ಝಲ್ಲೆನ್ನುತ್ತೆ. ಗೋಡೆ ಮೇಲೆ ಕೆಂಪು ಗೆರೆ ಬಿತ್ತು ಅಂದ್ರೆ ಗೆರೆಯಿಂದ ಈಚೆಗೆ ಇರೋದೆಲ್ಲ ಹೋಯ್ತು ಅಂತಲೇ ಲೆಕ್ಕ. ಹಳೇ ಕಟ್ಟಡ ಉಳೀಬೇಕು ಅನ್ನೋರು ಒಂದು ಕಡೆ, ಊರು ಬೆಳೀಬೇಕು ಅನ್ನೋರು ಇನ್ನೊಂದು ಕಡೆ. ಜಗಳ ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದೆ ಇದೇ ಜಗಳದ ನಡುವೆ ನಿಂತು, ಎರಡೂ ಸಾಧ್ಯ, ಅದೂ ಕಡಿಮೆ ಖರ್ಚಿನಲ್ಲಿ ಸಾಧ್ಯ ಅಂತ ವಾದ ಮಾಡಿದ ಒಬ್ಬರಿದ್ದರು. ಮದ್ರಾಸ್ ಸರ್ಕಾರದ ಪರವಾಗಿ ಊರೂರು ಸುತ್ತುವಾಗ ಬಳ್ಳಾರಿಗೂ ಬಂದು ಹೋದವರು. ಹೆಸರು ಪ್ಯಾಟ್ರಿಕ್ ಗೆಡ್ಡಿಸ್. ನಗರ ಯೋಜನೆ ಓದಿದವರಿಗೆ ಪ್ರಪಂಚದ ಯಾವ ಮೂಲೆಯಲ್ಲೂ ಗೊತ್ತಿರುವ ಹೆಸರು ಇದು.

ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಸಣ್ಣ ಊರಲ್ಲಿ. ಗಾಂಧಿ ಜಯಂತಿ ದಿನವೇ, ಆದರೆ ಗಾಂಧೀಜಿಗಿಂತ 15 ವರ್ಷ ದೊಡ್ಡವರು. ತಂದೆ ಸೈನ್ಯದಲ್ಲಿದ್ದವರು. ಬೆಳೆದದ್ದು ಪರ್ತ್ ಊರಿನ ಹೊರಗೆ ತೋಟ ಇದ್ದ ಒಂದು ಮನೆಯಲ್ಲಿ. ಓದು ಮುಗಿಸಿ ಕೆಲ ಕಾಲ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದರು, ಮನಸ್ಸು ನಿಲ್ಲಲಿಲ್ಲ. ಎಡಿನ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಸೇರಿ ಒಂದೇ ವಾರಕ್ಕೆ ಬಿಟ್ಟು ಬಂದರು. ಲಂಡನ್ನಿಗೆ ಹೋಗಿ ಪ್ರಸಿದ್ಧ ಜೀವವಿಜ್ಞಾನಿ ಹಕ್ಸ್‌ಲಿ ಹತ್ತಿರ ಕಲಿತರು. ಆದರೆ ಪರೀಕ್ಷೆ ಕಟ್ಟಿ ಡಿಗ್ರಿ ಅಂತ ಒಂದನ್ನೂ ತಗೊಳ್ಳಲಿಲ್ಲ. ಡಿಗ್ರಿ ಇಲ್ಲದ ಈ ಮನುಷ್ಯ ಮುಂದೆ ಎರಡು ಕಡೆ ಪ್ರೊಫೆಸರ್ ಆದರು ಅನ್ನೋದು ಬೇರೆ ಮಾತು.

ಮೊದಲ ಆಸೆ ಊರು ಕಟ್ಟೋದಲ್ಲ, ಗಿಡ-ಪ್ರಾಣಿಗಳ ಅಧ್ಯಯನ. 1879ರಲ್ಲಿ ಸಂಶೋಧನೆಗೆ ಅಂತ ಮೆಕ್ಸಿಕೋಗೆ ಹೋದಾಗ ಕಣ್ಣು ಕೆಟ್ಟಿತು. ವಾರಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕತ್ತಲ ಕೋಣೆಯಲ್ಲಿ ಕೂರಬೇಕಾಯಿತು. ದೃಷ್ಟಿ ವಾಪಸ್ ಬಂತು, ಆದರೆ ಮೈಕ್ರೋಸ್ಕೋಪಿನಲ್ಲಿ ಗಂಟೆಗಟ್ಟಲೆ ನೋಡುವ ಕೆಲಸ ಇನ್ನು ಆಗದು ಅಂತಾಯಿತು. ಇಪ್ಪತ್ತೈದು-ಇಪ್ಪತ್ತಾರರ ಹುಡುಗನಿಗೆ ಇದು ಸಣ್ಣ ಪೆಟ್ಟಲ್ಲ. ಜೀವಕೋಶ ನೋಡುತ್ತಿದ್ದ ಕಣ್ಣು ಆಮೇಲೆ ಊರಿನ ಕಡೆ ತಿರುಗಿತು. ಊರನ್ನೂ ಅವರು ಒಂದು ಜೀವದ ಹಾಗೆಯೇ ನೋಡಿದರು: ಉಸಿರಾಡುತ್ತೆ, ಬೆಳೆಯುತ್ತೆ, ಕಾಯಿಲೆ ಬೀಳುತ್ತೆ, ಔಷಧಿ ಕೊಟ್ಟರೆ ಚೇತರಿಸಿಕೊಳ್ಳುತ್ತೆ.

ಕೊಳೆಗೇರಿಗೆ ಸಂಸಾರ ಸಮೇತ

ಎಡಿನ್‌ಬರ್ಗ್‌ನ ಕತೆ ನಮ್ಮ ಪೇಟೆಗಳ ಕತೆಗಿಂತ ಬೇರೆಯಲ್ಲ. ಕೋಟೆಯಿಂದ ಇಳಿಜಾರಿನಲ್ಲಿ ಹಬ್ಬಿದ್ದ ಹಳೇ ಊರಲ್ಲಿ ಒಂದು ಕಾಲಕ್ಕೆ ಸಾಹುಕಾರರು, ವಕೀಲರು, ಪಂಡಿತರು ಎಲ್ಲ ಇದ್ದರು. ಕಣಿವೆ ಆಚೆ ಹೊಸ ಬಡಾವಣೆ ಆದಮೇಲೆ ಉಳ್ಳವರು ಒಬ್ಬೊಬ್ಬರಾಗಿ ಆ ಕಡೆ ಹೋದರು. ಅವರು ಬಿಟ್ಟ ಐದಾರು ಅಂತಸ್ತಿನ ಮನೆಗಳಲ್ಲಿ ಕೋಣೆಗೊಂದು ಸಂಸಾರ ತುಂಬಿಕೊಂಡಿತು. ನೀರಿಲ್ಲ, ಗಾಳಿಯಿಲ್ಲ, ಕಾಯಿಲೆ ತಪ್ಪಿದ್ದಲ್ಲ. 1867ರಲ್ಲಿ ಅಲ್ಲಿನ ಆಡಳಿತ ಕಾನೂನು ಮಾಡಿಕೊಂಡು ಕೊಳಕು ಕೇರಿಗಳ ನಡುವೆ ಅಗಲ ರಸ್ತೆ ಸೀಳಲು ಶುರು ಮಾಡಿತ್ತು. ಮನೆ ಹೋದವರು ಪಕ್ಕದ ಕೇರಿಗೇ ನುಗ್ಗಬೇಕು, ಮತ್ತೆಲ್ಲಿಗೆ ಹೋಗ್ತಾರೆ?

ಗೆಡ್ಡಿಸ್ ಬೇರೆ ದಾರಿ ಹಿಡಿದರು. 1886ರಲ್ಲಿ ಆನಾ ಮಾರ್ಟನ್ ಜೊತೆ ಮದುವೆಯಾಯಿತು. ಆಕೆ ಅನುಕೂಲಸ್ಥ ಮನೆತನದ ಹೆಣ್ಣುಮಗಳು. ಮದುವೆಯಾದ ಸ್ವಲ್ಪ ಸಮಯಕ್ಕೇ ಗಂಡ-ಹೆಂಡತಿ ಇಬ್ಬರೂ ಹೊಸ ಬಡಾವಣೆ ಬಿಟ್ಟು, ಹಳೇ ಊರಿನ ಜೇಮ್ಸ್ ಕೋರ್ಟ್ ಎಂಬ ಕೊಳಕು ಅಂಗಳಕ್ಕೆ ಬಾಡಿಗೆಗೆ ಬಂದರು. ಕೊಳೆಗೇರಿ ಉದ್ಧಾರ ಮಾಡ್ತೀವಿ ಅನ್ನೋರು ಸಾಮಾನ್ಯವಾಗಿ ಸಂಜೆಗೆ ತಮ್ಮ ಮನೆಗೆ ವಾಪಸ್ ಹೋಗ್ತಾರೆ. ಇವರು ಅಲ್ಲೇ ಮಲಗಿದರು, ಅಲ್ಲೇ ಮಗು ಸಾಕಿದರು.

ಕೆಲಸ ಶುರುವಾಗಿದ್ದು ಪೊರಕೆಯಿಂದ, ಸುಣ್ಣದ ಬಕೆಟ್ಟಿನಿಂದ. ನೆರೆಯವರನ್ನು ಕೂಡಿಸಿಕೊಂಡು ಅಂಗಳ ಗುಡಿಸಿದರು, ಗೋಡೆಗೆ ಸುಣ್ಣ ಬಳಿದರು, ಕಿಟಕಿಗೆ ಹೂವಿನ ಪೆಟ್ಟಿಗೆ ಇಟ್ಟರು. ತೀರಾ ಶಿಥಿಲವಾದ ಒಂದೆರಡು ಕಟ್ಟಡ ಮಾತ್ರ ತೆಗೆಸಿ, ಆ ಜಾಗಕ್ಕೆ ಗಾಳಿ ಬೆಳಕು ಬರೋ ಹಾಗೆ ಮಾಡಿ, ಗಿಡ ನೆಟ್ಟರು. ಉಳಿದದ್ದನ್ನೆಲ್ಲ ರಿಪೇರಿ. ಹಳೇ ಮನೆಗಳನ್ನು ಕೊಂಡು ಸರಿಮಾಡಿ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ತೆರೆದರು. ಓದುವ ಹುಡುಗರು ಬಂದರು, ಪ್ರೊಫೆಸರುಗಳು ಬಂದರು. ಜನ ಬಂದಲ್ಲಿ ವ್ಯಾಪಾರ ಬರೋದು ಗೊತ್ತಿದ್ದದ್ದೇ.

ಕೋಟೆಯ ಪಕ್ಕದ ರಾಮ್ಸೆ ಗಾರ್ಡನ್ ನೋಡಿದರೆ ಅವರ ಲೆಕ್ಕಾಚಾರ ಪೂರಾ ಅರ್ಥವಾಗುತ್ತೆ. ಅಲ್ಲಿ 18ನೇ ಶತಮಾನದ ಕವಿ ಅಲನ್ ರಾಮ್ಸೆ ಕಟ್ಟಿಸಿದ್ದ ಎಂಟು ಮೂಲೆಯ ಮನೆ ಇತ್ತು. ಅದರ ಆಕಾರ ನೋಡಿ ಊರವರು ಒಂದು ತಿಂಡಿಯ ಹೆಸರಿಟ್ಟು ನಗುತ್ತಿದ್ದ ಮನೆ. ಜಾಗ ಊರಿಗೇ ಎತ್ತರ, ನೋಟ ಚೆಂದ. ಇವತ್ತಿನ ಬಿಲ್ಡರ್ ಆಗಿದ್ದರೆ ಮೊದಲ ದಿನವೇ ನೆಲಸಮ. ಗೆಡ್ಡಿಸ್ ಆ ಮನೆಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಹಾಗೆ ಸುತ್ತ ಹೊಸ ಕಟ್ಟಡ ಎಬ್ಬಿಸಿದರು. 1890ರ ದಶಕದಲ್ಲಿ ಎದ್ದ ಆ ಫ್ಲಾಟುಗಳು ಆಗಿನ ಕಾಲಕ್ಕೆ ಪೂರಾ ಹೊಸ ಮಾದರಿ. ತಾವೂ ಸಂಸಾರ ಸಮೇತ ಅಲ್ಲಿಗೇ ಹೋದರು. ಹಳೇದೂ ಉಳೀತು, ಹೊಸದೂ ಬಂತು. ಹತ್ತಿರದಲ್ಲೇ ಒಂದು ಹಳೇ ಗೋಪುರ 1892ರಲ್ಲಿ ಕೈಗೆ ಬಂತು. ಅದನ್ನು ಊರಿನ ಬಗ್ಗೆ ಊರವರಿಗೇ ತಿಳಿಸುವ ಮ್ಯೂಸಿಯಂ ಮಾಡಿದರು.

ಆದರೆ ದುಡ್ಡಿನ ವಿಷಯದಲ್ಲಿ ಗೆಡ್ಡಿಸ್ ಭಾರಿ ಅಜಾಗರೂಕರು. ಒಂದು ಕಟ್ಟಡದ ಸಾಲ ತೀರುವ ಮೊದಲೇ ಇನ್ನೊಂದಕ್ಕೆ ಕೈ ಹಾಕೋರು. ಹೆಂಡತಿಯ ಆಸ್ತಿಯೂ ಇದರಲ್ಲೇ ಸೇರಿತು. ಕೊನೆಗೆ 1896ರಲ್ಲಿ ಸ್ನೇಹಿತರೆಲ್ಲ ಕೂಡಿ ಒಂದು ಕಂಪನಿ ಮಾಡಿ, ಷೇರು ಹಾಕಿ, ಆ ಕಟ್ಟಡಗಳನ್ನು ವಹಿಸಿಕೊಳ್ಳಬೇಕಾಯಿತು. ಮನೆಯ ಲೆಕ್ಕ ಸಂಭಾಳಿಸುತ್ತಿದ್ದವರು ಆನಾ. ಹೊಟ್ಟೆಪಾಡಿಗೆ ಡಂಡಿ ಊರಿನ ಕಾಲೇಜಿನಲ್ಲಿ 1888ರಿಂದ ಸಸ್ಯಶಾಸ್ತ್ರದ ಪ್ರೊಫೆಸರ್ ಕೆಲಸ ಇತ್ತು. ವರ್ಷಕ್ಕೆ ಒಂದು ಟರ್ಮ್ ಪಾಠ, ಉಳಿದ ತಿಂಗಳು ಊರು ರಿಪೇರಿ.

ಹಡಗು ಮುಳುಗಿತು, ಮೇಷ್ಟ್ರು ಬಂದರು

ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಹಳೇ ಪರಿಚಯ. ಇಲ್ಲಿನ ಊರುಗಳನ್ನು ನೋಡಿ ಸಲಹೆ ಕೊಡಿ ಅಂತ ಅವರು ಕರೆಸಿದರು. 1914ರಲ್ಲಿ ಗೆಡ್ಡಿಸ್, ಮಗ ಅಲಸ್ಟೇರ್ ಜೊತೆ ಹೊರಟರು. ವರ್ಷಗಟ್ಟಲೆ ಕೂಡಿಸಿದ್ದ ನಕ್ಷೆ, ಚಿತ್ರ, ಮಾದರಿಗಳ ದೊಡ್ಡ ಪ್ರದರ್ಶನ ಬೇರೆ ಹಡಗಿನಲ್ಲಿ ಬರ್ತಿತ್ತು. ಮದ್ರಾಸ್ ಮೇಲೆ ಗುಂಡು ಹಾರಿಸಿ ಹೋಗಿದ್ದ ಜರ್ಮನಿಯ ಎಮ್ಡೆನ್ ಹಡಗು ಅದೇ ಅಕ್ಟೋಬರಿನಲ್ಲಿ ಅದನ್ನು ಮುಳುಗಿಸಿಬಿಟ್ಟಿತು. ಎಲ್ಲಾ ನೀರು ಪಾಲು. ಬೇರೆಯವರಾಗಿದ್ದರೆ ಟಿಕೆಟ್ ತಗೊಂಡು ವಾಪಸ್ ಹೋಗುತ್ತಿದ್ದರು. ಇವರು ಸ್ನೇಹಿತರಿಂದ ಮತ್ತೆ ಸಾಮಾನು ತರಿಸಿಕೊಂಡು 1915ರ ಶುರುವಿಗೆ ಮದ್ರಾಸಿನಲ್ಲಿ ಪ್ರದರ್ಶನ ನಿಲ್ಲಿಸಿದರು.

ಆಮೇಲೆ ಊರೂರು ತಿರುಗಾಟ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು. ಮೈಸೂರಿಗೆ ಸೇರಿದ್ದು 1953ರಲ್ಲಿ. ಗುಡ್ಡದ ಕೋಟೆ, ಬ್ರೂಸ್‌ಪೇಟೆ, ಕೌಲ್ ಬಜಾರ್, ದಂಡು ಪ್ರದೇಶ, ಇದು ಆಗಿನ ಬಳ್ಳಾರಿ. 1914-15ರಲ್ಲಿ ಗೆಡ್ಡಿಸ್ ನೋಡಿ ವರದಿ ಬರೆದ ಊರುಗಳಲ್ಲಿ ಬಳ್ಳಾರಿಯೂ ಇದೆ, ತಂಜಾವೂರು, ಮಧುರೆಗಳೂ ಇವೆ.

ಕಾಲ ಎಂಥದ್ದು ಅಂತ ನೆನಪಿಡಬೇಕು. 1896ರಿಂದ ಪ್ಲೇಗ್ ದೇಶವನ್ನು ಹಿಂಡುತ್ತಿತ್ತು. ಬೊಂಬಾಯಿಯಲ್ಲಿ ಸುಧಾರಣಾ ಮಂಡಳಿ ಮಾಡಿ ಕೇರಿ ಕೇರಿ ಕೆಡವುತ್ತಿದ್ದರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಪ್ಲೇಗ್ ದಿನಗಳಲ್ಲಿ ಬೆಳೆದ ಬಡಾವಣೆಗಳೇ. ಅಧಿಕಾರಿಗಳ ಮನಸ್ಸಿನಲ್ಲಿ ಹಳೇ ಪೇಟೆ ಅಂದ್ರೆ ರೋಗದ ಗೂಡು. ಇಂಜಿನಿಯರು ಆಫೀಸಿನಲ್ಲಿ ಕೂತು ನಕ್ಷೆ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದೇ ರಸ್ತೆ. ಗೆರೆಗೆ ಅಡ್ಡ ಬಂದ ಮನೆ, ಅಂಗಡಿ, ಗುಡಿ, ಬಾವಿ, ಮರ ಎಲ್ಲ ಹೋಗಬೇಕು.

ಗೆಡ್ಡಿಸ್ ಕೆಲಸವೇ ಬೇರೆ ಥರ. ನಕ್ಷೆ ಕೈಲಿ ಹಿಡಿದು ಬೆಳಿಗ್ಗೆಯಿಂದ ಓಣಿ ಓಣಿ ನಡೆಯೋದು. ಯಾವ ಮನೆ ಗಟ್ಟಿ, ಯಾವುದು ಬೀಳೋ ಸ್ಥಿತಿ, ಯಾವ ಮೂಲೆಯಲ್ಲಿ ಖಾಲಿ ಜಾಗ, ಯಾವ ಕಟ್ಟೆ ಮೇಲೆ ಜನ ಕೂರುತ್ತಾರೆ, ಒಂದೊಂದನ್ನೂ ಗುರುತು ಮಾಡೋದು. ಆಮೇಲೆ ಬಿದ್ದುಹೋದ, ಯಾರೂ ಇರದ ಮನೆಗಳನ್ನಷ್ಟೇ ತೆಗೆದು, ಆ ಖಾಲಿ ಜಾಗಗಳನ್ನು ಒಂದಕ್ಕೊಂದು ಕೂಡಿಸಿ ಸಣ್ಣ ಬಯಲು ಮಾಡೋದು, ಮರ ನೆಡೋದು, ಮೊನಚು ಮೂಲೆ ಸ್ವಲ್ಪ ಕಡಿದು ಗಾಡಿಗೆ ದಾರಿ ಕೊಡೋದು. ಇದಕ್ಕೆ ಅವರು ಕೊಟ್ಟ ಹೆಸರು ಕನ್ಸರ್ವೇಟಿವ್ ಸರ್ಜರಿ. ಬೆರಳಿಗೆ ಗಾಯವಾದರೆ ಗಾಯಕ್ಕೆ ಮದ್ದು ಹಚ್ಚಬೇಕೇ ಹೊರತು ಕೈ ಕತ್ತರಿಸಬಾರದು, ಇಷ್ಟೇ ಅದರ ತಾತ್ಪರ್ಯ.

ಇದು ಬರೀ ಹಳೇದರ ಮೇಲಿನ ಮೋಹ ಅಲ್ಲ, ಪಕ್ಕಾ ವ್ಯಾಪಾರದ ಲೆಕ್ಕ. ನೇರ ರಸ್ತೆಗೆ ಎಷ್ಟು ಗಟ್ಟಿ ಮನೆ ಕೆಡವಬೇಕು, ಪರಿಹಾರ ಎಷ್ಟು, ಎತ್ತಂಗಡಿ ಆದ ಸಂಸಾರಗಳು ಎಲ್ಲಿಗೆ ಹೋಗ್ತವೆ, ಅವರು ನುಗ್ಗಿದ ಕಡೆ ಬಾಡಿಗೆ ಎಷ್ಟು ಏರುತ್ತೆ, ಅಲ್ಲಿ ಇಕ್ಕಟ್ಟು ಎಷ್ಟು ಹೆಚ್ಚುತ್ತೆ ಅಂತ ಎಣಿಸಿ ಮುಂದಿಡೋರು. ಕೆಡವಿದ ಜಾಗ ಚೊಕ್ಕ ಕಾಣುತ್ತೆ, ರೋಗ ಮಾತ್ರ ಪಕ್ಕದ ಓಣಿಗೆ ಹೋಗಿರುತ್ತೆ ಅನ್ನೋದು ಅವರ ತಕರಾರು. ಕಿರಿದಾದ ಓಣಿಗಳನ್ನೂ ಅವರು ಸಮರ್ಥಿಸಿದರು. ಬಿಸಿಲ ನಾಡಿನಲ್ಲಿ ಎದುರು-ಬದುರು ಗೋಡೆಗಳೇ ನೆರಳು. ಅಗಲ ಮಾಡಿದರೆ ಬಿಸಿಲು, ಧೂಳು ಎರಡೂ ಒಳಗೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಬಳ್ಳಾರಿ ಬಜಾರಿನಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೊಳ್ಳೆ ಅಂತ ಕೆರೆ-ಕುಂಟೆ ಮುಚ್ಚಲು ಹೊರಟವರಿಗೂ ಅವರದು ಬೇರೆ ಮಾತು: ಮೀನು ಬಿಡಿ, ಬಾತುಕೋಳಿ ಬಿಡಿ, ಸೊಳ್ಳೆ ಮರಿ ಅವೇ ತಿಂತವೆ, ನೀರು ಉಳಿಯುತ್ತೆ.

ದಕ್ಷಿಣದ ಗುಡಿ ಊರುಗಳು ಅವರಿಗೆ ಬಹಳ ಹಿಡಿಸಿದ್ದವು. ಗುಡಿ, ಅದರ ಸುತ್ತ ತೇರಿನ ಬೀದಿ, ಬೀದಿಯ ಎರಡೂ ಪಕ್ಕ ಮನೆ-ಅಂಗಡಿ, ಎಲ್ಲ ಸೇರಿಯೇ ಒಂದು ಊರು. ಈ ಮಾತು ಓದುವಾಗ ಹಂಪಿ ನೆನಪಾಗದೇ ಇರದು. ವಿಜಯನಗರ ಬೇರೆ ಜಿಲ್ಲೆ ಆಗುವ ಮೊದಲು, 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಲಾಯಿತು. ಅಲ್ಲಿ ಜನ ಎದ್ದಿದ್ದು ಅಭಿವೃದ್ಧಿಗಾಗಿ ಅಲ್ಲ, ಸ್ಮಾರಕ ಉಳಿಸೋದಕ್ಕಾಗಿ. ಕಲ್ಲು ಉಳೀತು, ಬಜಾರು ಎದ್ದುಹೋಯಿತು. ಕೆಡವುವವರ ಸ್ಕೇಲ್ ಒಂದೇ ಅಲ್ಲ, ಉಳಿಸುವವರ ಸ್ಕೇಲ್ ಕೂಡ ಕೆಲವು ಸಲ ನೇರ ಗೆರೆಯನ್ನೇ ಎಳೆಯುತ್ತೆ.

ಇಂದೋರಿನ ದೀಪಾವಳಿ

ಮದ್ರಾಸ್ ಪ್ರಾಂತ್ಯ ಮುಗಿಸಿ ಗೆಡ್ಡಿಸ್ ಉತ್ತರಕ್ಕೆ ಹೋದರು. ಲಕ್ನೋ, ಬಲರಾಮ್‌ಪುರ, ಲಾಹೋರ್ ಹೀಗೆ ಒಟ್ಟು ಸುಮಾರು 50 ಊರುಗಳಿಗೆ ಅವರ ವರದಿಗಳಿವೆ. ಇಂದೋರಿನ ವರದಿ 1918ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬಂತು. ಅಲ್ಲಿನ ದೀಪಾವಳಿ ಕತೆ ಅವರ ಜೀವನಚರಿತ್ರೆಗಳಲ್ಲೆಲ್ಲ ಬರುತ್ತೆ. ಊರಲ್ಲಿ ಪ್ಲೇಗ್ ಭಯ. ಇಂಗ್ಲಿಷರ ಮನುಷ್ಯ ಮನೆ ಕೆಡವಿಸೋಕೆ ಬಂದಿದ್ದಾನೆ ಅಂತ ಜನರಿಗೆ ಇವರ ಮೇಲೂ ಗುಮಾನಿ. ಗೆಡ್ಡಿಸ್ ಮಹಾರಾಜರನ್ನು ಕೇಳಿ ಒಂದು ದಿನದ ಮಟ್ಟಿಗೆ ಅಧಿಕಾರ ಪಡೆದರು. ದೀಪಾವಳಿ ಮೆರವಣಿಗೆ ಮಾಮೂಲಿ ದಾರಿಯಲ್ಲಿ ಹೋಗಲ್ಲ, ಯಾವ ಬೀದಿಯವರು ಚೆನ್ನಾಗಿ ಗುಡಿಸಿ, ರಿಪೇರಿ ಮಾಡಿ, ಸುಣ್ಣ ಬಳಿದಿರ್ತಾರೋ ಆ ಬೀದಿಯಲ್ಲಿ ಹೋಗುತ್ತೆ ಅಂತ ಸಾರಿಸಿದರು. ನೋಟಿಸಿಲ್ಲ, ದಂಡವಿಲ್ಲ, ಊರಿಗೆ ಊರೇ ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಬೊಂಬೆ, ಹೊಸ ಬಟ್ಟೆ ತೊಟ್ಟ ಪೌರಕಾರ್ಮಿಕರು. ಕೊನೆಗೆ ಕೊಳೆಯ ರಾಕ್ಷಸನ ಬೊಂಬೆಗೆ ಬೆಂಕಿ, ಮನೆಗಳಿಗೆ ತುಳಸಿ ಗಿಡ.

ಅದೇ ಹೊತ್ತಿನ ಇನ್ನೊಂದು ಮುಖ ಕಷ್ಟದ್ದು. ಜೊತೆಗೆ ಬಂದಿದ್ದ ಮಗ ಅಲಸ್ಟೇರ್ ಯುದ್ಧಕ್ಕೆ ಸೇರಿ, 1917ರ ಏಪ್ರಿಲಿನಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಆಗ ಆನಾ ಇಲ್ಲೇ ಹಾಸಿಗೆ ಹಿಡಿದಿದ್ದರು. ಆಕೆಗೆ ಸುದ್ದಿ ಹೇಳುವ ಧೈರ್ಯ ಗೆಡ್ಡಿಸ್‌ಗೆ ಬರಲಿಲ್ಲ. ಮಗನ ಹಳೇ ಪತ್ರಗಳನ್ನೇ ಹೊಸದಾಗಿ ಬಂದವು ಅನ್ನೋ ಹಾಗೆ ಓದಿ ಹೇಳುತ್ತಿದ್ದರಂತೆ. ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಆಕೆಯೂ ಹೋದರು, ಮಗ ಇಲ್ಲ ಅಂತ ಗೊತ್ತಾಗದೇನೇ.

ಆಮೇಲೆ ಕೆಲಸವೇ ಆಸರೆ. 1919ರಿಂದ 1924ರವರೆಗೆ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರೊಫೆಸರ್. 1920ರಲ್ಲಿ ಜಗದೀಶ್ ಚಂದ್ರ ಬೋಸರ ಜೀವನಚರಿತ್ರೆ ಬರೆದರು. ಹಳೇ ಊರು ಉಳಿಸೋರು ಹೊಸ ಊರು ಕಟ್ಟಲಾರರು ಅನ್ನೋ ಮಾತಿಗೂ ಅವರ ಹತ್ತಿರ ಜವಾಬಿತ್ತು: 1925ರಲ್ಲಿ ಟೆಲ್ ಅವೀವ್ ನಗರಕ್ಕೆ ನಕ್ಷೆ ಹಾಕಿಕೊಟ್ಟವರು ಇವರೇ. ಆ ನಕ್ಷೆ ಮೇಲೆ ಎದ್ದ ಭಾಗ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಅವರು ಸುಣ್ಣ ಬಳಿದಿದ್ದ ಎಡಿನ್‌ಬರ್ಗ್‌ನ ಹಳೇ ಊರು 1995ರಲ್ಲೇ ಸೇರಿತ್ತು.

ಭಾರತದಲ್ಲಿ ಬರೆದ ವರದಿಗಳ ಗತಿ ಅಷ್ಟು ಚೆನ್ನಾಗಿಲ್ಲ. ಬಹಳಷ್ಟು ಕಪಾಟು ಸೇರಿದವು. ತಪ್ಪು ಪೂರಾ ಸರ್ಕಾರದ್ದೂ ಅಲ್ಲ. ಗೆಡ್ಡಿಸ್ ಬರೆದದ್ದು ಓದಲು ಸಲೀಸಲ್ಲ, ಮಾತೋ ಗಡ್ಡದೊಳಗೇ ಉಳಿಯೋದು, ಒಂದು ಮುಗಿಯುವ ಮೊದಲೇ ಇನ್ನೊಂದು ಊರಿಗೆ ಹೊರಡೋರು. ಅವರ ವಿಧಾನಕ್ಕೆ ಓಣಿ ಓಣಿ ನಡೆಯುವ ಪುರಸೊತ್ತಿರುವ ಅಧಿಕಾರಿ ಬೇಕು. ಸ್ಕೇಲಿನ ಗೆರೆಗೆ ಅರ್ಧ ದಿನ ಸಾಕು.

ಕೊನೆಯ ವರ್ಷಗಳನ್ನು ಫ್ರಾನ್ಸಿನ ಮಾಂಪೆಲಿಯೆ ಊರಲ್ಲಿ ಕಳೆದರು. ಅಲ್ಲೊಂದು ವಿದ್ಯಾರ್ಥಿನಿಲಯ ಕಟ್ಟಿಸುತ್ತಿದ್ದರು, ಅದಕ್ಕೂ ದುಡ್ಡಿನ ತಾಪತ್ರಯ ಇದ್ದೇ ಇತ್ತು. 1932ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ಏಪ್ರಿಲ್ 17ರಂದು, 77ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ಹದಿನೈದು ವರ್ಷದ ನಂತರ, ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ, ಜಾಕ್ವೆಲಿನ್ ಟಿರ್ವಿಟ್ ಎಂಬ ಮಹಿಳೆ ಆ ವರದಿಗಳಿಂದ ಆಯ್ದು ಲಂಡನ್ನಿನಲ್ಲಿ ಒಂದು ಪುಸ್ತಕ ತಂದರು. ನಗರ ಯೋಜನೆ ಓದುವ ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ತಿರುವಿ ಹಾಕುತ್ತಾರೆ. ತಂಜಾವೂರು, ಇಂದೋರುಗಳ ಜೊತೆ ಅದರಲ್ಲಿ ಬಳ್ಳಾರಿಯ ಹೆಸರೂ ಇದೆ.