ಭೂಪಟಗಳ ಶಿಲ್ಪಿ ಮರ್ಕೇಟರ್

ಹಿಂದೊಮ್ಮೆ ತರಗತಿಯ ಗೋಡೆಯ ಮೇಲಿದ್ದ ಪ್ರಪಂಚದ ಭೂಪಟವನ್ನು ನೋಡಿಕೊಂಡು, ಗ್ರೀನ್‌ಲೆಂಡ್ ನಮ್ಮ ದೇಶಕ್ಕಿಂತ ಬಹಳ ದೊಡ್ಡದೆಂದು ಧೈರ್ಯವಾಗಿ ಹೇಳಿ ನಗೆಪಾಟಲಿಗೀಡಾದೆ. ಭಾರತದ ವಿಸ್ತೀರ್ಣ ಸುಮಾರು 33 ಲಕ್ಷ ಚದರ ಕಿಲೋಮೀಟರು. ಗ್ರೀನ್‌ಲೆಂಡಿನದು 22 ಲಕ್ಷಕ್ಕಿಂತ ಕಡಿಮೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿರಬೇಕು. ಈ ಮೋಸಕ್ಕೆ ಕಾರಣನಾರೆಂದು ಪುಸ್ತಕಭಂಡಾರದಲ್ಲಿ ಹುಡುಕಹೊರಟಾಗ ನನಗೆ ಪರಿಚಯವಾದವನು ಗೆರಾರ್ಡಸ್ ಮರ್ಕೇಟರ್. ಸಿಟ್ಟಿನಿಂದಲೇ ಅವನ ಚರಿತ್ರೆಯನ್ನು ಓದತೊಡಗಿದೆ. ಮುಗಿಸುವ ಹೊತ್ತಿಗೆ ಸಿಟ್ಟು ಉಳಿದಿರಲಿಲ್ಲ.

ಈತನು 1512ರ ಮಾರ್ಚ್ 5ರಂದು ಫ್ಲಾಂಡರ್ಸ್ ಪ್ರಾಂತದ ರುಪೆಲ್ಮಾಂಡೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಅದು ಇಂದು ಬೆಲ್ಜಿಯಂ ದೇಶದಲ್ಲಿದೆ. ತಂದೆ ಜೋಡು ಹೊಲಿಯುವ ಕಸುಬಿನವನು; ಮನೆಯಲ್ಲಿ ಬಡತನ. ಪಾದ್ರಿಯಾಗಿದ್ದ ಬಂಧುವೊಬ್ಬನ ಆಸರೆಯಿಂದ ಹುಡುಗನಿಗೆ ವಿದ್ಯೆ ದೊರೆಯಿತು. ಮನೆತನದ ಹೆಸರು ಕ್ರೆಮರ್, ಎಂದರೆ ವ್ಯಾಪಾರಿ. ಅಂದಿನ ವಿದ್ವಾಂಸರ ರೂಢಿಯಂತೆ ಅದನ್ನೇ ಲ್ಯಾಟಿನ್ ಭಾಷೆಗೆ ತಿರುಗಿಸಿ ಮರ್ಕೇಟರ್ ಎಂದು ಇಟ್ಟುಕೊಂಡನು. 1530ರಲ್ಲಿ ಲೂವೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಗಣಿತಜ್ಞ ಜೆಮ್ಮಾ ಫ್ರಿಸಿಯಸ್‌ನ ಶಿಷ್ಯನಾಗಿ, 1536ರಲ್ಲಿ ಗುರುವು ಸಿದ್ಧಪಡಿಸಿದ ಭೂಗೋಳಕ್ಕೆ ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ಕೊರೆದುಕೊಟ್ಟನು. ಕೈಬರಹ ಮುದ್ದಾಗಿತ್ತು. ಓರೆಯಕ್ಷರ ಬರೆಯುವ ಬಗೆಯನ್ನು ತಿಳಿಸುವ ಒಂದು ಪುಸ್ತಕವನ್ನೂ 1540ರಲ್ಲಿ ಪ್ರಕಟಿಸಿದನು. ಲೆಕ್ಕವೂ ಕೊರೆತವೂ ಒಂದೇ ಕೈಯಲ್ಲಿ ಕೂಡಿದ್ದು ಅವನ ಭಾಗ್ಯವೆನ್ನಬೇಕು.

ಆ ಕಾಲ ಧರ್ಮಕಲಹದ ಕಾಲ. 1544ರಲ್ಲಿ, ಲೂಥರನ ಮತದ ಕಡೆಗೆ ಒಲಿದವರೆಂಬ ಸಂಶಯದ ಮೇಲೆ ಹಿಡಿದವರ ಪಟ್ಟಿಯಲ್ಲಿ ಮರ್ಕೇಟರನ ಹೆಸರೂ ಇತ್ತು. ಭೂಪಟದ ಕೆಲಸಕ್ಕಾಗಿ ಊರೂರು ತಿರುಗಿದ್ದೇ ಸಂಶಯಕ್ಕೆ ಎಡೆಯಾಯಿತೆಂದು ಹೇಳುತ್ತಾರೆ. ಹುಟ್ಟೂರಿನ ಕೋಟೆಯಲ್ಲಿಯೇ ಏಳು ತಿಂಗಳು ಸೆರೆ! ಜೊತೆಯವರಲ್ಲಿ ಕೆಲವರಿಗೆ ಮರಣದಂಡನೆಯಾಯಿತು. ಹೊರಗೆ ಹೆಂಡತಿಯೂ ಸಣ್ಣ ಮಕ್ಕಳೂ ಕಾದಿದ್ದರು. ಕೊನೆಗೆ ಇವನನ್ನು ಬಿಟ್ಟರು. ಅವನು ಮತ್ತೆ ಲೂವೆನ್ನಿಗೆ ಬಂದು ಕೊರೆಯುವ ಮೇಜಿನ ಮುಂದೆ ಕುಳಿತನು. ಎಂಟು ವರ್ಷಗಳ ಮೇಲೆ, 1552ರಲ್ಲಿ, ಸಂಸಾರಸಮೇತನಾಗಿ ಜರ್ಮನಿಯ ಡೂಯಿಸ್‌ಬರ್ಗ್ ನಗರಕ್ಕೆ ಹೋಗಿ ಬದುಕಿನ ಉಳಿದ ಭಾಗವನ್ನೆಲ್ಲ ಅಲ್ಲಿಯೇ ಕಳೆದನು.

ನನ್ನನ್ನು ಬೇಸ್ತು ಬೀಳಿಸಿದ ಭೂಪಟದ ಮೂಲ ಹುಟ್ಟಿದ್ದು ಅಲ್ಲಿ, 1569ರಲ್ಲಿ. ಹದಿನೆಂಟು ಹಾಳೆಗಳನ್ನು ಜೋಡಿಸಿದರೆ ಎರಡು ಮೀಟರು ಅಗಲವಾಗುವ ಪಟವದು. ಗೋಳದ ಮೇಲೆ ರೇಖಾಂಶಗಳು ಧ್ರುವದತ್ತ ಹೋಗುತ್ತ ಒಂದನ್ನೊಂದು ಸಮೀಪಿಸುತ್ತವೆ. ಕಾಗದದ ಮೇಲೆ ಮರ್ಕೇಟರ್ ಅವನ್ನು ಸಮಾನಾಂತರವಾಗಿ ಎಳೆದನು. ಆಗ ದೇಶಗಳು ಪೂರ್ವಪಶ್ಚಿಮವಾಗಿ ಹಿಗ್ಗುತ್ತವಲ್ಲ, ಅದೇ ಪ್ರಮಾಣದಲ್ಲಿ ಉತ್ತರದಕ್ಷಿಣವಾಗಿಯೂ ಹಿಗ್ಗಿಸಿದನು. ಇದರ ಫಲವಾಗಿ, ನಾವಿಕನು ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗುವ ದಾರಿ ಪಟದ ಮೇಲೆ ನೇರಗೆರೆಯಾಗುತ್ತದೆ. ಕೋನ ಉಳಿಯಿತು, ವಿಸ್ತೀರ್ಣ ಕೆಟ್ಟಿತು. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು ಆಗುತ್ತದೆ. ಆಫ್ರಿಕಾ ಖಂಡದ ಹದಿನಾಲ್ಕರಲ್ಲೊಂದು ಪಾಲಿನಷ್ಟಿರುವ ಗ್ರೀನ್‌ಲೆಂಡ್ ಅದಕ್ಕೆ ಸರಿಸಮನಾಗಿ ನಿಲ್ಲುವುದು ಹೀಗೆ. ಇದು ನಾವಿಕರ ಉಪಯೋಗಕ್ಕೆಂದು ಪಟದ ತಲೆಬರಹದಲ್ಲಿಯೇ ಸೂಚಿಸಿದ್ದಾನೆ. ಅದನ್ನು ತಂದು ಪಾಠಶಾಲೆಯ ಗೋಡೆಗೆ ತೂಗುಹಾಕಿದವರು ನಾವು. ಹಾಗೆಂದು ಅವನು ತಪ್ಪೇ ಮಾಡದವನಲ್ಲ: ಉತ್ತರಧ್ರುವದಲ್ಲಿ ಒಂದು ಕರಿಯ ಬಂಡೆ, ಅದರ ಸುತ್ತ ನಾಲ್ಕು ದ್ವೀಪಗಳನ್ನು ಚಿತ್ರಿಸಿದ್ದಾನೆ! ಸಮುದ್ರಯಾನವನ್ನೇ ಮಾಡದೆ, ಓದಿದ್ದನ್ನೂ ಕೇಳಿದ್ದನ್ನೂ ನಂಬಿ ಬರೆಯಬೇಕಾದವನ ಕಷ್ಟವದು. ಲೆಕ್ಕದ ವಿವರವನ್ನು ಅವನು ಬಿಡಿಸಿ ಹೇಳಿರಲಿಲ್ಲ; ಇಂಗ್ಲೆಂಡಿನ ಎಡ್ವರ್ಡ್ ರೈಟ್ 1599ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದ ಮೇಲೆಯೇ ಈ ಕ್ರಮ ಹಬ್ಬಿತು.

ಇನ್ನು ಪುಸ್ತಕದ ಮಾತು. ಒಂದೇ ಅಳತೆಯ ಪಟಗಳನ್ನು ಕ್ರಮವಾಗಿ ಹೊಲಿದು ಗ್ರಂಥವಾಗಿಸಿದ ಕೀರ್ತಿ ಅವನ ಗೆಳೆಯ ಅಬ್ರಹಾಂ ಓರ್ಟೇಲಿಯಸ್‌ಗೆ ಸಲ್ಲುತ್ತದೆ. ಅದು 1570ರಲ್ಲಿ ಆಂಟ್‌ವರ್ಪಿನಲ್ಲಿ ಹೊರಬಂದಿತು. ತನ್ನಲ್ಲಿಯೂ ಅಂಥದೇ ಯೋಜನೆಯಿದ್ದರೂ ಗೆಳೆಯನ ಪುಸ್ತಕ ಮಾರಾಟವಾಗಲೆಂದು ಮರ್ಕೇಟರ್ ಕಾದನಂತೆ. ನೆರೆಯವನಾದ ವಾಲ್ಟರ್ ಗಿಮ್ ಬರೆದ ಚರಿತ್ರೆಯಲ್ಲಿ ಹೀಗಿದೆ. ಇಂದಿನ ಪ್ರಕಾಶಕರು ನಂಬಲಿಕ್ಕಿಲ್ಲ! ಆದರೆ ಕಾದವನು ಸುಮ್ಮನಿರಲಿಲ್ಲ. 1578ರಲ್ಲಿ ಟಾಲೆಮಿಯ ಪ್ರಾಚೀನ ಭೂಪಟಗಳನ್ನು ಶುದ್ಧಪಡಿಸಿ ಅಚ್ಚುಹಾಕಿದನು. ತನ್ನ ಸ್ವಂತ ಗ್ರಂಥದ ಭಾಗಗಳನ್ನು 1585ರಲ್ಲಿ ಮತ್ತು 1589ರಲ್ಲಿ ಹೊರತಂದನು. ಅದಕ್ಕೆ ಅಟ್ಲಾಸ್ ಎಂದು ಹೆಸರಿಡಲು ನಿಶ್ಚಯಿಸಿದ್ದನು. ಆಕಾಶ ಹೊತ್ತ ದೈತ್ಯನ ಹೆಸರು ಇದೆಂದು ನಾನೂ ತಿಳಿದಿದ್ದೆ. ಅವನ ಮನಸ್ಸಿನಲ್ಲಿದ್ದವನು ಮಾರಿಟೇನಿಯಾದ ಪಂಡಿತನಾದ ಅಟ್ಲಾಸ್ ದೊರೆಯಂತೆ.

1590ರಲ್ಲಿ ಲಕ್ವ ಹೊಡೆದು ಮರ್ಕೇಟರನ ದೇಹ ಸೋತಿತು. 1594ರ ಡಿಸೆಂಬರ್ 2ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಮರುವರ್ಷ ಮಗ ರುಮೊಲ್ಡನು ತಾನೂ ಮನೆಯ ಹುಡುಗರೂ ಸೇರಿ ಕೊರೆದ ಪಟಗಳನ್ನು ಕೂಡಿಸಿ ಅಟ್ಲಾಸನ್ನು ಪ್ರಕಟಿಸಿದನು. ಅದರಲ್ಲಿ 107 ಭೂಪಟಗಳಿದ್ದವು. ಸ್ಪೇನಿನ ಪ್ರತ್ಯೇಕ ಪಟ ಮಾತ್ರ ಇರಲಿಲ್ಲ. 1604ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೊಡೊಕಸ್ ಹೊಂಡಿಯಸ್ ಆ ತಾಮ್ರದ ತಗಡುಗಳನ್ನು ಕೊಂಡುಕೊಂಡನು. ಎರಡು ವರ್ಷಗಳ ತರುವಾಯ, ಸ್ಪೇನನ್ನೂ ಸೇರಿಸಿ, ಮರ್ಕೇಟರನ ಹೆಸರಿನಲ್ಲಿಯೇ ಮತ್ತೆ ಅಚ್ಚುಹಾಕಿದನು.