ನೈನ್ ಸಿಂಗ್ ರಾವತ್

ನೈನ್ ಸಿಂಗ್ ರಾವತ್ (1830–1882) ಟಿಬೆಟ್ಟನ್ನು ಕಾಲ್ನಡಿಗೆಯಲ್ಲಿ ಅಳೆದ ಭಾರತೀಯ ಭೂಮಾಪಕರು. ಕುಮಾವೂನ್ ಪ್ರಾಂತದ ಜೋಹಾರ್ ಕಣಿವೆಯ ಮಿಲಂ ಗ್ರಾಮದವರು. ತಾರುಣ್ಯದಲ್ಲಿ ಜರ್ಮನಿಯ ಶ್ಲಾಗಿಂಟ್‌ವೈಟ್ ಸಹೋದರರ ಹಿಮಾಲಯ ಯಾತ್ರೆಗೆ ನೆರವಾಗಿ, ಅನಂತರ ಶಾಲಾ ಉಪಾಧ್ಯಾಯರಾದರು. ಪಂಡಿತ ಎಂಬ ಹೆಸರು ಬಂದದ್ದು ಆ ವೃತ್ತಿಯಿಂದಲೇ.

ಅಂದು ಟಿಬೆಟ್ ವಿದೇಶೀಯರಿಗೆ ಮುಚ್ಚಿದ ನಾಡು. ಗುಟ್ಟು ಬಯಲಾದರೆ ಪ್ರಾಣಕ್ಕೇ ಸಂಚಕಾರ. ಡೆಹ್ರಾಡೂನಿನಲ್ಲಿ ಸರ್ವೇಕ್ಷಣೆಯ ತರಬೇತಿ ಪಡೆದ ನೈನ್ ಸಿಂಗ್, 1865ರಲ್ಲಿ ಕಠ್ಮಂಡುವಿನ ಮಾರ್ಗವಾಗಿ ವೇಷ ಮರೆಸಿಕೊಂಡು ಹೊರಟರು. ಲಡಾಖಿನ ವರ್ತಕರ ತಂಡದೊಡನೆ ಬೆರೆತು 1866ರ ಜನವರಿಯಲ್ಲಿ ಲ್ಹಾಸಾ ತಲುಪಿದರು. ಅವರ ಜಪಮಾಲೆಯಲ್ಲಿದ್ದುದು 108 ಅಲ್ಲ, 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಸರಿಯುತ್ತಿತ್ತು. ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಅಳತೆಯ ಟಿಪ್ಪಣಿಗಳಿದ್ದವು. ನೀರು ಕುದಿಯುವ ಉಷ್ಣತೆಯಿಂದ ಸ್ಥಳದ ಎತ್ತರವನ್ನು ಗುಣಿಸಿದರು. ಕೈಯಲ್ಲಿನ ಹಣ ಕರಗಿದಾಗ ನೇಪಾಳಿ ವರ್ತಕರಿಗೆ ಲೆಕ್ಕ ಬರೆಯುವುದನ್ನು ಕಲಿಸಿ ದಿನ ದೂಡಿದರು. ಹಳೆಯ ಉಪಾಧ್ಯಾಯಿಕೆ ಅಲ್ಲಿಯೂ ಕೈಬಿಡಲಿಲ್ಲ!

1867ರಲ್ಲಿ ಥೋಕ್ ಜಾಲುಂಗ್ ಚಿನ್ನದ ಗಣಿಗಳನ್ನೂ, 1874–75ರಲ್ಲಿ ಲೇಹ್‌ನಿಂದ ಲ್ಹಾಸಾ ಮೂಲಕ ಅಸ್ಸಾಮಿನವರೆಗಿನ ದಾರಿಯನ್ನೂ ಕ್ರಮಿಸಿದರು. ಗೋಪ್ಯತೆಗಾಗಿ ವರದಿಗಳಲ್ಲಿ ಬಹುಕಾಲ ಅವರ ಹೆಸರೇ ಇರಲಿಲ್ಲ. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕವನ್ನು ನೀಡಿತು. ಭಾರತೀಯ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದದ್ದು 2004ರಲ್ಲಿ.