ಪ್ರಾಣ ಕಾಯುವ ಪಟ್ಟಿಯ ಶಿಲ್ಪಿ ನಿಲ್ಸ್ ಬೋಲಿನ್

ಮಹನೀಯರ ಚರಿತ್ರೆ ಎಂದೊಡನೆ ರಾಜರು, ಸಂತರು, ಕವಿಗಳು, ದೇಶಭಕ್ತರು ನಮ್ಮ ನೆನಪಿಗೆ ಬರುತ್ತಾರೆ. ರಾಜ್ಯವನ್ನು ಗೆಲ್ಲದೆ, ಗ್ರಂಥವನ್ನು ಬರೆಯದೆ, ಕಾರ್ಖಾನೆಯ ಮೂಲೆಯಲ್ಲಿ ಕುಳಿತು ಕೆಲಸ ಮಾಡಿ ಲಕ್ಷಾಂತರ ಜನರ ಪ್ರಾಣ ಉಳಿಸಿದವರೂ ಮಹನೀಯರೇ. ಕಾರಿನಲ್ಲಿ ಕುಳಿತವರು ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಎಳೆದು ಸಿಕ್ಕಿಸಿಕೊಳ್ಳುವ ಸೀಟ್ ಬೆಲ್ಟನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕೆ ಈಗಿನ ರೂಪ ಕೊಟ್ಟವರು ನಿಲ್ಸ್ ಬೋಲಿನ್ ಎಂಬ ಸ್ವೀಡನ್ನಿನ ಇಂಜಿನಿಯರರು. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬೋಲಿನರು ಹುಟ್ಟಿದ್ದು 1920ರ ಜುಲೈ 17ರಂದು, ಸ್ವೀಡನ್ ದೇಶದ ಪೂರ್ವ ಕರಾವಳಿಯ ಹೆರ್ನೊಸಾಂಡ್ ಎಂಬ ಊರಿನಲ್ಲಿ. ಅಲ್ಲಿಯೇ ಯಂತ್ರಶಾಸ್ತ್ರವನ್ನು ಕಲಿತು 1939ರಲ್ಲಿ ವಿದ್ಯಾಭ್ಯಾಸ ಮುಗಿಸಿದರು. ಆ ವರ್ಷವೇ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. 1942ರಲ್ಲಿ ಅವರು ಸಾಬ್ ಎಂಬ ವಿಮಾನ ಕಾರ್ಖಾನೆಗೆ ಸೇರಿದರು. ಅಲ್ಲಿ ಅವರ ಪಾಲಿಗೆ ಬಂದ ಕೆಲಸ ವಿಚಿತ್ರವಾದುದು. ಯುದ್ಧವಿಮಾನವು ಅಪಾಯಕ್ಕೆ ಸಿಕ್ಕಿದಾಗ ಚಾಲಕನನ್ನು ಆಸನದ ಸಮೇತ ಕ್ಷಣಮಾತ್ರದಲ್ಲಿ ಆಕಾಶಕ್ಕೆ ಎಸೆದು, ಅನಂತರ ಪ್ಯಾರಾಚೂಟಿನಿಂದ ನೆಲಕ್ಕಿಳಿಸುವ ಏರ್ಪಾಡೊಂದಿದೆ. ಅಂತಹ ಆಸನಗಳನ್ನು ರೂಪಿಸುತ್ತಾ ಬೋಲಿನರು ಒಂದು ವಿಷಯವನ್ನು ಆಳವಾಗಿ ಅರಿತರು. ಮನುಷ್ಯನ ದೇಹ ಎಷ್ಟು ರಭಸದ ಎಳೆತವನ್ನು ತಡೆದುಕೊಳ್ಳಬಲ್ಲದು, ಯಾವ ಎಲುಬಿನ ಮೇಲೆ ಭಾರ ಬಿದ್ದರೆ ಬದುಕುತ್ತಾನೆ, ಯಾವ ಅಂಗದ ಮೇಲೆ ಬಿದ್ದರೆ ಸಾಯುತ್ತಾನೆ ಎಂಬುದೇ ಆ ವಿಷಯ.

ಆ ಕಾಲದ ಕಾರುಗಳ ಸ್ಥಿತಿಯನ್ನು ಸ್ವಲ್ಪ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗೋಡೆಗೆ ಬಡಿದು ನಿಂತರೂ ಒಳಗೆ ಕುಳಿತವರ ದೇಹ ನಿಲ್ಲುವುದಿಲ್ಲ. ಅದೇ ವೇಗದಿಂದ ಮುಂದಕ್ಕೆ ಹಾರುತ್ತದೆ. ವಿಜ್ಞಾನದ ತರಗತಿಯಲ್ಲಿ ನಮ್ಮ ಮಕ್ಕಳು ಕಲಿಯುವ ನ್ಯೂಟನ್ನನ ಮೊದಲನೆಯ ನಿಯಮವೇ ಇದು. ಲೆಕ್ಕ ಮಾಡಿದರೆ ಆ ಹೊಡೆತ ಸುಮಾರು 14 ಮೀಟರ್ ಎತ್ತರದಿಂದ, ಎಂದರೆ ಒಂದು ಎತ್ತರದ ತೆಂಗಿನಮರದ ತುದಿಯಿಂದ, ನೆಲಕ್ಕೆ ಬಿದ್ದುದಕ್ಕೆ ಸಮ. ಮರದ ತುದಿಯಲ್ಲಿ ಎಚ್ಚರವಾಗಿರುವ ನಾವು ಕಾರಿನ ಮೆತ್ತನೆಯ ಸೀಟಿನಲ್ಲಿ ಮೈಮರೆಯುತ್ತೇವೆ.

ಇದನ್ನು ತಡೆಯಲು ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಗಳು ಆಗಲೇ ಇದ್ದವು. ಅಪಘಾತದಲ್ಲಿ ಅವು ಸೊಂಟವನ್ನು ಹಿಡಿದರೂ ತಲೆ ಮತ್ತು ಎದೆ ಮುಂದಕ್ಕೆ ಬಾಗಿ ಅಪ್ಪಳಿಸುತ್ತಿದ್ದವು. ಪಟ್ಟಿ ಮೇಲೆ ಸರಿದರೆ ಹೊಟ್ಟೆಯ ಒಳಗಿನ ಅಂಗಗಳಿಗೇ ಪೆಟ್ಟಾಗುತ್ತಿತ್ತು. ವೋಲ್ವೋ ಎಂಬ ಸ್ವೀಡನ್ನಿನ ಕಾರು ಕಂಪೆನಿಗೆ ಆಗ ಗುನ್ನಾರ್ ಎಂಗೆಲ್ಲಾವ್ ಎಂಬವರು ಅಧ್ಯಕ್ಷರಾಗಿದ್ದರು. ಅವರ ಬಂಧುವೊಬ್ಬರು ಕಾರು ಅಪಘಾತದಲ್ಲಿ ತೀರಿಕೊಂಡರು. ಈ ದುಃಖವೂ ಸೇರಿ ಅವರ ಮನಸ್ಸು ಸುರಕ್ಷತೆಯತ್ತ ತಿರುಗಿತು. 1958ರಲ್ಲಿ ಅವರು ಬೋಲಿನರನ್ನು ಕರೆಸಿ ತಮ್ಮ ಕಂಪೆನಿಯ ಸುರಕ್ಷತಾ ಇಂಜಿನಿಯರರನ್ನಾಗಿ ನೇಮಿಸಿಕೊಂಡರು.

ಬೋಲಿನರ ಮುಂದೆ ಇದ್ದ ಕಷ್ಟ ಎರಡು ಬಗೆಯದು. ಒಂದು, ಪಟ್ಟಿಯು ಮೇಲಿನ ದೇಹವನ್ನೂ ಕೆಳಗಿನ ದೇಹವನ್ನೂ ಒಟ್ಟಿಗೆ ಹಿಡಿಯಬೇಕು. ಇನ್ನೊಂದು, ಅದನ್ನು ಜನ ಹಾಕಿಕೊಳ್ಳಬೇಕು. ವಿಮಾನದ ಚಾಲಕನಿಗೆ ಪ್ರಾಣಭಯವಿರುವುದರಿಂದ ಎಷ್ಟು ಬಿಗಿದರೂ ಸಹಿಸುತ್ತಾನೆ. ಪೇಟೆಗೆ ಹೊರಟ ಗೃಹಸ್ಥನು ಅರೆ ನಿಮಿಷದ ತೊಂದರೆಯನ್ನೂ ಸಹಿಸುವುದಿಲ್ಲ. ಇದನ್ನು ಬೋಲಿನರು ಚೆನ್ನಾಗಿ ಬಲ್ಲವರಾಗಿದ್ದರು. ಎದೆಗೂ ಸೊಂಟಕ್ಕೂ ಒಟ್ಟಿಗೆ ಕಟ್ಟುವ ಪಟ್ಟಿಯನ್ನು ಅವರಿಗಿಂತ ಮೊದಲೇ ಅಮೇರಿಕದಲ್ಲಿ ಕೆಲವರು ಯೋಚಿಸಿದ್ದುಂಟು. ಆದರೆ ಅದರ ಕೊಂಡಿ ಹೊಟ್ಟೆಯ ಮೇಲೆ ಬರುತ್ತಿತ್ತು. ಸುಮಾರು ಒಂದು ವರ್ಷದ ಪರಿಶ್ರಮದ ನಂತರ ಬೋಲಿನರು ಕಂಡುಕೊಂಡ ಉಪಾಯ ಬಹಳ ಸರಳವಾದುದು. ಒಂದು ಪಟ್ಟಿ ಎದೆಯ ಮೇಲೆ ಓರೆಯಾಗಿ, ಒಂದು ಪಟ್ಟಿ ಸೊಂಟದ ಮೇಲೆ ಅಡ್ಡವಾಗಿ. ಎರಡೂ ಕೂಡುವ ಕೊಂಡಿ ಹೊಟ್ಟೆಯ ಮೇಲಲ್ಲ, ಸೊಂಟದ ಪಕ್ಕದಲ್ಲಿ ಕೆಳಗೆ. ಹೀಗೆ ಮೂರು ಕಡೆ ಬಿಗಿದ ಪಟ್ಟಿಯ ಭಾರವು ಗಟ್ಟಿಯಾದ ಎದೆಗೂಡು ಮತ್ತು ಸೊಂಟದ ಎಲುಬುಗಳ ಮೇಲೆ ಬೀಳುತ್ತದೆ. ಹಾಕಿಕೊಳ್ಳಲು ಒಂದೇ ಕೈ ಸಾಕು.

1959ರ ಆಗಸ್ಟ್ ತಿಂಗಳಲ್ಲಿ ಈ ಪಟ್ಟಿಯುಳ್ಳ ಮೊದಲ ಕಾರು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಎಂಬ ಊರಿನ ಮಾರಾಟಗಾರರಿಗೆ ತಲುಪಿತು. ಇಲ್ಲಿ ನಾವು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಹೆಚ್ಚು ಹಣ ಕೊಟ್ಟವರಿಗೆ ಮಾತ್ರ ಎಂದು ಇದನ್ನು ಮಾರಲಿಲ್ಲ. ಸ್ವದೇಶದಲ್ಲಿ ಮಾರುವ ಕಾರುಗಳ ಮುಂದಿನ ಸೀಟುಗಳಿಗೆಲ್ಲ ಕಾರ್ಖಾನೆಯಲ್ಲಿಯೇ ಜೋಡಿಸಿದರು. ಎರಡನೆಯದು, ಪೇಟೆಂಟು ಪಡೆದಿದ್ದರೂ ಈ ವಿನ್ಯಾಸವನ್ನು ಬೇರೆಲ್ಲ ಕಾರು ಕಂಪೆನಿಗಳು ಉಚಿತವಾಗಿ ಬಳಸಲು ಬಿಟ್ಟುಕೊಟ್ಟರು. ಬಾವಿ ತೋಡಿದವನು ಹಗ್ಗ ಬಿಂದಿಗೆಗಳನ್ನೂ ಊರಿಗೆ ಬಿಟ್ಟಂತೆ ಆಯಿತು.

ಆದರೂ ಜನ ಕೂಡಲೇ ನಂಬಲಿಲ್ಲ. ಪಟ್ಟಿ ಕಟ್ಟಿಕೊಂಡರೆ ಬೆಂಕಿ ಬಿದ್ದಾಗ ಹೊರಬರಲಾಗದು ಎಂದು ಹೆದರಿದವರುಂಟು. ಬೋಲಿನರು ವಾದಕ್ಕೆ ಇಳಿಯದೆ ಲೆಕ್ಕಕ್ಕೆ ಇಳಿದರು. ಸ್ವೀಡನ್ನಿನಲ್ಲಿ ನಡೆದ 28,000 ಅಪಘಾತಗಳ ವಿವರವನ್ನು ಪರಿಶೀಲಿಸಿ 1967ರಲ್ಲಿ ಅಮೇರಿಕದ ತಜ್ಞರ ಸಭೆಯ ಮುಂದಿಟ್ಟರು. ಪಟ್ಟಿ ಕಟ್ಟದವರು ಗಂಟೆಗೆ ಸುಮಾರು 20 ಕಿಲೋಮೀಟರಿನಷ್ಟು ನಿಧಾನದ ಅಪಘಾತದಲ್ಲಿಯೂ ಸತ್ತಿದ್ದರು. ಕಟ್ಟಿಕೊಂಡವರಲ್ಲಿ ಸುಮಾರು 95 ಕಿಲೋಮೀಟರ್ ವೇಗದವರೆಗೂ ಒಬ್ಬರೂ ಸತ್ತಿರಲಿಲ್ಲ. 1970ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತವು ಪಟ್ಟಿ ಕಟ್ಟುವುದನ್ನು ಕಡ್ಡಾಯ ಮಾಡಿತು. ಸ್ವೀಡನ್ನಿನಲ್ಲಿ 1975ರಲ್ಲಿ, ಬ್ರಿಟನ್ನಿನಲ್ಲಿ 1983ರಲ್ಲಿ ಇಂತಹ ಕಾನೂನು ಬಂತು. ಶ್ರೀಮಂತ ದೇಶಗಳೂ ಎಚ್ಚತ್ತುಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಬೋಲಿನರು ಹಿಂದಿನ ಸೀಟಿನವರನ್ನು ಮರೆಯಲಿಲ್ಲ. ಪಕ್ಕದಿಂದ ಬರುವ ಹೊಡೆತದಿಂದ ರಕ್ಷಿಸುವ ಬಗೆಯನ್ನೂ ಅವರು ಅಭ್ಯಸಿಸಿದರು. 1985ರಲ್ಲಿ ನಿವೃತ್ತರಾದರು. ಅದೇ ವರ್ಷ ಜರ್ಮನಿಯ ಪೇಟೆಂಟು ಕಚೇರಿಯು ನೂರು ವರ್ಷಗಳಲ್ಲಿ ಮಾನವಕುಲಕ್ಕೆ ಅತ್ಯಂತ ಮಹತ್ತ್ವದ ಎಂಟು ಆವಿಷ್ಕಾರಗಳಲ್ಲಿ ಇದನ್ನೂ ಒಂದಾಗಿ ಎಣಿಸಿತು. 2002ರ ಸೆಪ್ಟೆಂಬರಿನಲ್ಲಿ ಅಮೇರಿಕದ ಆವಿಷ್ಕಾರಕರ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರುವ ಸಮಯದಲ್ಲಿಯೇ, 82ನೆಯ ವಯಸ್ಸಿನಲ್ಲಿ, ಬೋಲಿನರು ಸ್ವೀಡನ್ನಿನಲ್ಲಿ ಕಣ್ಣು ಮುಚ್ಚಿದರು.

ಇನ್ನು ನಮ್ಮ ದೇಶದ ಮಾತು. ಮುಂದಿನ ಸೀಟಿಗೆ ಪಟ್ಟಿ ಜೋಡಿಸಿಯೇ ಕಾರು ತಯಾರಿಸಬೇಕೆಂಬ ನಿಯಮ ಭಾರತದಲ್ಲಿ ಬಂದುದು 1994ರಲ್ಲಿ, ಎಂದರೆ ಬೋಲಿನರ ಮೊದಲ ಪಟ್ಟಿಯ 35 ವರ್ಷಗಳ ನಂತರ. ಅಪಘಾತದಲ್ಲಿ ಉಬ್ಬಿ ತಲೆಯನ್ನು ಕಾಯುವ ಏರ್‌ಬ್ಯಾಗ್ ಎಂಬ ಗಾಳಿಚೀಲವು ಚಾಲಕನಿಗೆ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದವನ ಸರದಿ ಬಂದದ್ದು ಅದರ ನಂತರ. ಆರು ಗಾಳಿಚೀಲಗಳನ್ನು ಕಡ್ಡಾಯ ಮಾಡುವ ಯೋಚನೆ 2022ರಲ್ಲಿ ಹುಟ್ಟಿ 2023ರಲ್ಲಿ ಕೈಬಿಟ್ಟುಹೋಯಿತು.

ಇಂತಹ ಸಾಧನಗಳನ್ನೆಲ್ಲ ಜೋಡಿಸಿದರೆ ಸಣ್ಣ ಕಾರಿನ ಬೆಲೆ ಏರುತ್ತದೆ, ಬಡ ಸಂಸಾರವು ಮತ್ತೆ ನಾಲ್ಕು ಜನ ಕೂಡಿ ಸ್ಕೂಟರನ್ನೇ ಏರಬೇಕಾಗುತ್ತದೆ ಎಂದು ವಾದಿಸುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ 2014ರಲ್ಲಿ ನಡೆದ ಒಂದು ಪರೀಕ್ಷೆಯನ್ನು ನೋಡಿರಿ. ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿದರು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. ಅವುಗಳಲ್ಲಿ ಒಂದು ಕಾರಿಗೆ ಎರಡು ಗಾಳಿಚೀಲ ಜೋಡಿಸಿ ಪರೀಕ್ಷಿಸಿದಾಗ ಐದರಲ್ಲಿ ನಾಲ್ಕು ನಕ್ಷತ್ರ ಬಂದವು! ಕಾರು ಅದೇ, ಕಬ್ಬಿಣ ಅದೇ. ಬದಲಾದದ್ದು ಆ ಸಾಧನ ಮಾತ್ರ. ಆ ಕಂಪೆನಿಯು ಗಾಳಿಚೀಲವಿಲ್ಲದ ಮಾದರಿಯ ಮಾರಾಟವನ್ನೇ ನಿಲ್ಲಿಸಿತು. ಬೇಕಾದವರು ಕೊಳ್ಳಲಿ ಎಂದು ಬಿಟ್ಟರೆ ಇಂತಹ ವಸ್ತು ದುಬಾರಿಯಾಗಿಯೇ ಉಳಿಯುತ್ತದೆ. ಎಲ್ಲ ಕಾರುಗಳಿಗೂ ಜೋಡಿಸಿದಾಗ ಲಕ್ಷಗಟ್ಟಲೆ ತಯಾರಾಗಿ ಒಂದೊಂದರ ಬೆಲೆ ಇಳಿಯುತ್ತದೆ. ಬಡವನ ತಲೆಬುರುಡೆ ಧನಿಕನದಕ್ಕಿಂತ ಗಟ್ಟಿಯಾಗಿಲ್ಲ. ಆದುದರಿಂದ ಪ್ರಾಣ ಕಾಯುವ ಸಾಧನವು ಎಲ್ಲರ ಕಾರಿನಲ್ಲಿಯೂ ಮೊದಲೇ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಆದರೆ ಜೋಡಿಸಿದರಷ್ಟೇ ಸಾಲದು. ಸರಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 16,715 ಜನ ಪಟ್ಟಿ ಕಟ್ಟಿಕೊಳ್ಳದೆ ಸತ್ತವರು. ಇವರಲ್ಲಿ ಸುಮಾರು ಅರ್ಧದಷ್ಟು ಚಾಲಕರಲ್ಲ, ಜೊತೆಗೆ ಕುಳಿತವರು. ಪೋಲೀಸರು ಕಂಡಾಗ ಮಾತ್ರ ಎಳೆದುಕೊಳ್ಳುವುದು, ಹಿಂದಿನ ಸೀಟಿನ ಪಟ್ಟಿಯನ್ನು ಸೀಟಿನ ಕೆಳಗೆ ತೂರಿಸಿ ಅದರ ಮೇಲೆ ಕುಳಿತುಕೊಳ್ಳುವುದು, ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ದಿನವೂ ಕಾಣುವ ನೋಟ. ಹದಿನಾಲ್ಕು ವರ್ಷ ತುಂಬದ ಮಗುವನ್ನು ಪಟ್ಟಿಯಿಲ್ಲದೆ ಕೂರಿಸಿದರೆ ಸಾವಿರ ರೂಪಾಯಿ ದಂಡವೆಂದು 2019ರ ತಿದ್ದುಪಡಿಯ ಕಾನೂನು ಹೇಳುತ್ತದೆ. ಮಗುವಿನ ಮುಂದೆ ಸಾವಿರ ರೂಪಾಯಿ ಯಾವ ಲೆಕ್ಕ?

ವಿದ್ಯಾರ್ಥಿ ಮಿತ್ರರೇ, ಬೋಲಿನರು ನಿಮ್ಮಂತೆಯೇ ಒಂದು ಸಣ್ಣ ಊರಿನ ಶಾಲೆಯಲ್ಲಿ ಕಲಿತವರು. ತಮ್ಮ ವಿದ್ಯೆಯನ್ನು ಕಂಡರಿಯದ ಜನರ ಪ್ರಾಣ ಉಳಿಸಲು ಬಳಸಿದರು. ಮುಂದೆ ನಿಮ್ಮಲ್ಲಿ ಯಾರಾದರೂ ಇಂಜಿನಿಯರರಾದರೆ ಅವರ ಹಾದಿ ನಿಮಗೆ ಮಾದರಿಯಾಗಲಿ. ಅದಕ್ಕೆ ಮೊದಲು, ಮುಂದಿನ ಸಲ ಮದುವೆಗೋ ಜಾತ್ರೆಗೋ ಕಾರು ಹತ್ತಿದಾಗ ನೀವು ಪಟ್ಟಿ ಕಟ್ಟಿಕೊಳ್ಳಿರಿ. ಅಪ್ಪನಿಗೂ, ಹಿಂದೆ ಕುಳಿತ ಅಜ್ಜಿಗೂ ಕಟ್ಟಿಕೊಳ್ಳಲು ಹೇಳಿರಿ. ಒಂದು ಕೈ, ಎರಡು ಸೆಕೆಂಡು ಸಾಕು. ಅಷ್ಟು ಸುಲಭವಾಗಲೆಂದೇ ಆ ಪುಣ್ಯಾತ್ಮರು ವರ್ಷಗಟ್ಟಲೆ ದುಡಿದರು.